ಮೇಲಿನ ಮನೆಯವರದು

ಅವಳು ಕರೆಂಟಿನ ಗ್ರಿಲ್ಲಿನ ಕೆಳಗಿನ ತಟ್ಟೆ ಒರೆಸಿ ಆಗಿತ್ತು, ಮೇಲಿನದು ಅರ್ಧ ಬಾಕಿಯಿತ್ತು. ಅಷ್ಟರಲ್ಲಿ ಗಂಡನಿಗೆ ಬಿಕ್ಕಳಿಕೆ ಬಂತು.

ಬೇರೆ ದಿನವಾಗಿದ್ದರೆ ಅವನು ಹಾಲ್‌ನಿಂದಲೇ "ನೀರು" ಎಂದು ಕೂಗುತ್ತಿದ್ದ, ಇವಳು ತೆಗೆದುಕೊಂಡು ಹೋಗಿ ಕೊಡುತ್ತಿದ್ದಳು. ಇವತ್ತಿನ ಬಿಕ್ಕಳಿಕೆ ಎಂಥದ್ದೆಂದರೆ ಕೂಗಲು ಬಾಯಿ ತೆರೆದಾಗಲೆಲ್ಲ ಕೂಗನ್ನೇ ನುಂಗಿಹಾಕುತ್ತಿತ್ತು. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಅವನೇ ಎದ್ದು ಅಡುಗೆಮನೆಗೆ ಬಂದ. ಅವನು ಅಡುಗೆಮನೆಗೆ ಬರುವುದೆಂದರೆ ಗ್ರಹಣ ಹಿಡಿದ ಹಾಗೆ. ವರ್ಷಕ್ಕೆ ಒಂದೋ ಎರಡೋ. ಆದರೆ ಗ್ರಹಣವಾದರೂ ಮೊದಲೇ ತಿಳಿಸಿ ಬರುತ್ತದೆ.

ಕಟ್ಟೆಯ ಮೇಲೆ ಕಪ್ಪು ಬಣ್ಣದ ಗ್ರಿಲ್ ಬಿಸಿಲು ಕಾಯುವ ಮೊಸಳೆಯ ಹಾಗೆ ಬಾಯಿ ತೆರೆದುಕೊಂಡು ಕೂತಿತ್ತು.

"ಏನೇ... ಹಿಕ್... ಇದು?"

"ಇದಾ? ಇದು ಮೇಲಿನ ಮನೆಯವರದು."

ಯೋಚಿಸಿ ಹೇಳಿದ ಮಾತಲ್ಲ. ಕೈಜಾರಿದ ಲೋಟದ ಹಾಗೆ ಬಾಯಿಂದ ಬಿದ್ದುಹೋಯಿತು. ಅವನ ಬಿಕ್ಕಳಿಕೆ ನಿಂತಿತು. ಇವಳಿಗೆ ಶುರುವಾಗುವುದೊಂದು ಬಾಕಿ.

ಆ ಮನೆಯಲ್ಲಿ ಯಂತ್ರಗಳ ವಿಷಯಕ್ಕೆ ಒಂದು ಕಟ್ಟಪ್ಪಣೆಯಿತ್ತು. ಗಂಡನಿಗೆ ಕೆಲಸ ಗೋದಾಮಿನಲ್ಲಿ, ಪ್ರೀತಿ ಸ್ಕ್ರೂಡ್ರೈವರಿನ ಮೇಲೆ. ಕಟ್ಟಡದ ಮಕ್ಕಳೆಲ್ಲ ಅವನನ್ನು ಸ್ಕ್ರೂ ಮಾಮ ಎಂದೇ ಕರೆಯುತ್ತಿದ್ದರು. ಹೊಸ ಯಂತ್ರ ಯಾವುದೇ ಬರಲಿ, ಒಳಗೇನಿದೆ ಎಂದು ನೋಡದ ಹೊರತು ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಿಚ್ಚಿ ನೋಡಿ ಮತ್ತೆ ಮುಚ್ಚುವ ಹೊತ್ತಿಗೆ ಒಂದೆರಡು ಸ್ಕ್ರೂ ಕೈಯಲ್ಲೇ ಉಳಿಯುತ್ತಿದ್ದವು. "ಕಂಪನಿಯವರು ಸುಮ್ನೆ ಜಾಸ್ತಿ ಹಾಕಿರ್ತಾರೆ ಕಣೇ" ಎನ್ನುತ್ತಿದ್ದ. ಮಿಕ್ಸಿ, ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಹೀಗೆ ಒಂದೊಂದಾಗಿ ಎಲ್ಲವೂ ಅಟ್ಟ ಸೇರಿದವು. ಅಟ್ಟದಲ್ಲಿ ಜಾಗ ಮುಗಿದ ದಿನ ಅವನು, "ಈಗಿನ ಕಾಲದ ಯಂತ್ರಗಳಲ್ಲಿ ಸತ್ವವೇ ಇಲ್ಲ. ಇನ್ನು ಮೇಲೆ ಈ ಮನೆಗೆ ಒಂದೂ ಬರಕೂಡದು" ಎಂದುಬಿಟ್ಟ.

ಅವಳಿಗೋ ಗ್ರಿಲ್ ಬೇಕೇ ಬೇಕಾಗಿತ್ತು. ಅವಳು ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಸಂಜೆ ಮನೆಗೆ ಬಂದರೆ ಕಾವಲಿಯ ಮುಂದೆ ನಿಲ್ಲಬೇಕು. ಒಂದು ಮಗ್ಗುಲು ಬೇಯಿಸು, ಮಗುಚು, ಇನ್ನೊಂದು ಮಗ್ಗುಲು ಬೇಯಿಸು. ಗ್ರಿಲ್ಲಿನಲ್ಲಾದರೆ ಎರಡು ಮಗ್ಗುಲೂ ಒಟ್ಟಿಗೇ. ಮುಚ್ಚಳ ಹಾಕಿದರೆ ಆಯಿತು, ಬೇಯುವ ತನಕ ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ಆ ಹೊತ್ತಿನಲ್ಲಿ ಅವಳು ಹೋಗಿ ಕಿಟಕಿಯ ಪಕ್ಕದ ತನ್ನ ಬೆತ್ತದ ಕುರ್ಚಿಯಲ್ಲಿ ಕೂರಬಹುದು. ತವರಿನಿಂದ ಬಂದ ಕುರ್ಚಿ, ಒಂದು ಕೈಗೆ ದಾರ ಸುತ್ತಿದೆ. ಮದುವೆಯಾದಾಗಿನಿಂದ ಅದರಲ್ಲಿ ಕೂತದ್ದೆಲ್ಲ ಒಗೆದ ಬಟ್ಟೆಯೇ.

ಅಂಗಡಿಯಲ್ಲಿ ಗ್ರಿಲ್ ಆರಿಸುವಾಗ ಮಾರುವವನು ಆಳೆತ್ತರದ ಪೆಟ್ಟಿಗೆ ತೋರಿಸಿ, "ಇದನ್ನೇ ತಗೊಳ್ಳಿ ಮೇಡಂ, ಮದುವೆ ಮನೆಗೂ ಸಾಕಾಗುತ್ತೆ" ಎಂದಿದ್ದ.

"ನಮ್ಮನೇಲಿ ಮದುವೆಗಳೆಲ್ಲ ಮುಗಿದಿವೆ. ಆ ಚಿಕ್ಕದರ ಮುಚ್ಚಳ ಎತ್ತಿ."

ಮುಚ್ಚಳದ ಕೀಲನ್ನು ಅವಳು ಕನ್ನಡಕದ ಕಡ್ಡಿ ಮಡಚಿ ನೋಡುವ ಹಾಗೆ ನಾಲ್ಕು ಸಲ ಆಡಿಸಿ ನೋಡಿದಳು. ದಪ್ಪ ಬ್ರೆಡ್ಡು ಇಟ್ಟರೂ ಮುಚ್ಚಳ ಮೇಲೆದ್ದು ಸಮನಾಗಿ ಕೂರಬೇಕು, ಒಂದೇ ಕಡೆ ಒತ್ತಬಾರದು. ತಟ್ಟೆಗಳನ್ನು ಬಿಚ್ಚಿ ತೊಳೆಯುವ ಹಾಗಿರಬೇಕು. ಸೋರಿದ ಎಣ್ಣೆ ಹಿಡಿಯಲು ಕೆಳಗೊಂದು ಪುಟ್ಟ ತಟ್ಟೆ ಇರಬೇಕು. ಎಲ್ಲ ಇತ್ತು. "ನೀವೇನು ಎಂಜಿನಿಯರಾ ಮೇಡಂ?" ಎಂದ ಅವನು.

"ಅಲ್ಲಪ್ಪ, ಕೂರೋದಕ್ಕೆ ಜಾಗ ಹುಡುಕ್ತಿರೋಳು" ಎಂದಳು. ಅವನಿಗೆ ಅರ್ಥವಾಗಲಿಲ್ಲ.

ಆಮೇಲೆ ಗ್ರಿಲ್ ಹಳೇ ಪರದೆ ಹೊದ್ದುಕೊಂಡು ಹಿಟ್ಟಿನ ಡಬ್ಬದ ಹಿಂದೆ ಅಜ್ಞಾತವಾಸ ಶುರುಮಾಡಿತು. ಗಂಡ ಕೆಲಸದಿಂದ ಬರುವುದು ತಡ. ಅದಕ್ಕೆ ಮೊದಲೇ ಎಲ್ಲ ಬೆಂದಿರುತ್ತಿತ್ತು, ಅವಳು ಕುರ್ಚಿಯಲ್ಲಿ ಕೂತೆದ್ದೂ ಆಗಿರುತ್ತಿತ್ತು, ಬಟ್ಟೆರಾಶಿ ಮತ್ತೆ ಕುರ್ಚಿಯ ಮೇಲೆ ಬಂದಿರುತ್ತಿತ್ತು. ಗುಟ್ಟು ಗೊತ್ತಿದ್ದದ್ದು ಅತ್ತೆಯೊಬ್ಬರಿಗೇ. ಗರಿಗರಿ ಆಲೂಗಡ್ಡೆ ಬಿಲ್ಲೆಗಳು ಅವರ ಬಾಯಿ ಕಟ್ಟಿದ್ದವು.

"ಮೇಲಿನವರದ್ದು ಇಲ್ಯಾಕೆ ಬಂತು?" ಗಂಡ ಗ್ರಿಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಅವರ ಮನೇಲಿ ಪ್ಲಗ್ ಪಾಯಿಂಟ್ ಸರಿಯಿಲ್ವಂತೆ. ಇಲ್ಲಿ ಹಾಕಿ ನೋಡಮ್ಮ ಅಂದ್ರು ಟೀಚರಮ್ಮ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು.

"ಪ್ಲಗ್ ಪಾಯಿಂಟ್ ಸರಿಯಿಲ್ವಾ? ಮೊದಲೇ ಹೇಳಬಾರದಾ! ನಾನೊಬ್ಬ ಇದ್ದೂ..."

ಅವಳು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವನು ಮೆಟ್ಟಿಲ ಮೇಲಿದ್ದ.

ಮೇಲಿನ ಮನೆಯ ಟೀಚರಮ್ಮ ನಿವೃತ್ತರು. "ಹೋಮ್‌ವರ್ಕ್ ಪುಸ್ತಕ ಮನೇಲೇ ಮರೆತುಬಂದೆ" ಎನ್ನುವ ಮುಖಗಳನ್ನು ಆಯುಷ್ಯವಿಡೀ ನೋಡಿದವರು. "ಎಲ್ಲಿ ಟೀಚರಮ್ಮ, ನಿಮ್ಮ ಗ್ರಿಲ್ ಹಾಕೋ ಪ್ಲಗ್ ಪಾಯಿಂಟು?" ಎಂದು ಅವನು ಕೇಳಿದಾಗ, ಅವನ ಬೆನ್ನ ಹಿಂದೆ ಕೈಮುಗಿದು ನಿಂತಿದ್ದ ಇವಳ ಮುಖವನ್ನು ಒಮ್ಮೆ ನೋಡಿದರು, ಅಷ್ಟೆ.

"ಹಾಂ, ಗ್ರಿಲ್ಲು... ಅಲ್ನೋಡಿ, ಫ್ರಿಜ್ಜಿನ ಪಕ್ಕದ್ದು. ಹಾಳಾಗಿದೆ."

ಹಾಳಾಗಿರಲಿಲ್ಲ. ಅವನು ಬಿಚ್ಚಿದ ಮೇಲೆ ಹಾಳಾಯಿತು. ಠಪ್ ಎಂದು ನೀಲಿ ಕಿಡಿಯೊಂದು ಹಾರಿತು. ಫ್ರಿಜ್ಜು ನಿಟ್ಟುಸಿರು ಬಿಟ್ಟಿತು, ಫ್ಯಾನು ನಿಂತಿತು, ಬಚ್ಚಲಿನಲ್ಲಿ ಬಿಸಿನೀರು ನಿಂತಿತು. ಟೀಚರಮ್ಮನ ಯಜಮಾನರು, ಹಿಂದೆ ಬ್ಯಾಂಕಿನಲ್ಲಿದ್ದು ಈಗಲೂ ಎಲ್ಲರಿಗೂ ಮ್ಯಾನೇಜರೇ ಆಗಿದ್ದವರು, ಒಂದು ಕಿವಿಯ ತುಂಬ ಸೋಪಿನ ನೊರೆ ಇಟ್ಟುಕೊಂಡು ಹೊರಗೆ ಬಂದರು.

"ಏನಾಯ್ತು?"

"ಏನಿಲ್ಲ ಸಾರ್, ನಿಮ್ಮ ಗ್ರಿಲ್ಲಿಗೆ ಪ್ಲಗ್ ಸರಿಮಾಡ್ತಿದ್ದೆ."

"ನಮ್ಮ ಗ್ರಿಲ್ಲಾ?"

ಎಲ್ಲರೂ ಟೀಚರಮ್ಮನ ಕಡೆ ನೋಡಿದರು. "ಹೇಳೋಣ ಅಂತಿದ್ದೆ..." ಎಂದು ಅವರು ಎಳೆದರು.

ಮ್ಯಾನೇಜರ ಮುಖ ಮೆಲ್ಲಗೆ ಮೆತ್ತಗಾಯಿತು. "ಮುಂದಿನ ವಾರ ನನ್ನ ಹುಟ್ಟಿದ ದಿನ. ಅದಕ್ಕೇ ಕೆಳಗಿನ ಮನೇಲಿ ಬಚ್ಚಿಟ್ಟಿದ್ಯಾ?"

ನೊರೆ ಮೆತ್ತಿದ ಆ ಮುಖ ನೋಡಿ ಅಲ್ಲ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಟೀಚರಮ್ಮನಿಗೂ ಬರಲಿಲ್ಲ. ಗಂಡ ತಲೆ ಚಚ್ಚಿಕೊಂಡ. "ಅಯ್ಯೋ, ಗುಟ್ಟು ರಟ್ಟುಮಾಡಿಬಿಟ್ನಲ್ಲ! ತಡೀರಿ ಸಾರ್, ಈಗ್ಲೇ ತಂದ್ಕೊಡ್ತೀನಿ. ಇನ್ನೊಬ್ರ ವಸ್ತು ನಮ್ಮನೇಲಿರೋದು ನಂಗಾಗಲ್ಲ." ಕೆಳಗೆ ಓಡಿ, ಬಾಣಂತಿಯ ಕೂಸನ್ನು ಎತ್ತಿಕೊಂಡ ಹಾಗೆ ಗ್ರಿಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಎಣ್ಣೆಯ ಪುಟ್ಟ ತಟ್ಟೆ ಮಾತ್ರ ಪಾತ್ರೆ ತೊಳೆಯುವ ಬಚ್ಚಲಲ್ಲೇ ಉಳಿಯಿತು.

"ಧೈರ್ಯವಾಗಿರಮ್ಮ," ಬಾಗಿಲಲ್ಲಿ ಟೀಚರಮ್ಮ ಪಿಸುಗುಟ್ಟಿದರು, "ಹೇಗಾದ್ರೂ ಮಾಡಿ ವಾಪಸ್ ಕಳಿಸ್ತೀನಿ."

ಮೇಲೆ ಕರೆಂಟಿಲ್ಲ, ಸೆಕೆ. ಮ್ಯಾನೇಜರು ಪತ್ರಿಕೆ ಹಿಡಿದು ಕೆಳಗೆ ಬಂದರು. ಗಂಡ ಅವಸರದಲ್ಲಿ ಬೆತ್ತದ ಕುರ್ಚಿಯ ಬಟ್ಟೆಯನ್ನೆಲ್ಲ ನೆಲಕ್ಕೆ ಜಾರಿಸಿ, "ಕೂತ್ಕೊಳ್ಳಿ ಸಾರ್" ಎಂದ. ಅವರು ಕೂತರು. ಕುರ್ಚಿ ಕಿರ್ರೆಂದು ಅವರನ್ನು ಒಪ್ಪಿಕೊಂಡಿತು.

"ಆಹಾ! ನನ್ನ ಬೆನ್ನಿಗೆ ಅಂತಾನೇ ಹೆಣೆದ ಹಾಗಿದೆಯಲ್ರೀ. ನಮ್ಮನೆ ಸೋಫಾದಲ್ಲಿ ಕೂತು ಕೂತು ಬೆನ್ನು ಬಿಲ್ಲಾಗಿದೆ. ಸಂಜೆ ವಾಕಿಂಗ್ ಒಂದಿಲ್ಲದಿದ್ರೆ ನಾನು ನೆಟ್ಟಗೆ ನಿಲ್ತಾನೇ ಇರಲಿಲ್ಲ."

ಮಧ್ಯಾಹ್ನ ಪೂರ್ತಿ ಅವರು ಅಲ್ಲೇ. ಪತ್ರಿಕೆ ಎದೆಯ ಮೇಲೆ, ಗೊರಕೆ ಕಿಟಕಿಯಾಚೆ. ಅವಳು ಬಟ್ಟೆ ಮಡಚುತ್ತ ಮಡಚುತ್ತ ಆ ಕುರ್ಚಿಯನ್ನೇ ನೋಡಿದಳು. ಅದರಲ್ಲಿ ಅಷ್ಟು ಹೊತ್ತು ಕೂರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಗಂಡ ಮೇಲಿನ ಮನೆಯ ಮೂರು ಬೋರ್ಡು ಬಿಚ್ಚಿ ನೋಡಿ, ಕೊನೆಗೆ ಫ್ಯೂಸ್ ಹೋಗಿದೆಯೆಂದು ಕಂಡುಹಿಡಿಯುವ ಹೊತ್ತಿಗೆ ಸಂಜೆಯಾಗಿತ್ತು. ಕರೆಂಟು ಬಂದ ಖುಷಿಗೆ ಮ್ಯಾನೇಜರು ಅವತ್ತು ವಾಕಿಂಗ್ ಬಿಟ್ಟು, "ನನ್ನ ಗ್ರಿಲ್ಲಿನಲ್ಲಿ ನನ್ನ ಕೈಯಡುಗೆ" ಎಂದು ಎಲ್ಲರನ್ನೂ ಮೇಲೆ ಊಟಕ್ಕೆ ಕರೆದರು.

ತನ್ನ ಮಗು ಇನ್ನೊಬ್ಬರ ಕೈಯಲ್ಲಿ ಅಳುವುದನ್ನು ನೋಡುತ್ತ, "ಎಷ್ಟು ಮುದ್ದಾಗಿದೆ" ಎನ್ನಬೇಕಾದ ಸ್ಥಿತಿ ಅವಳದು. ಮ್ಯಾನೇಜರು ಗ್ರಿಲ್ ಕಾಯುವ ಮೊದಲೇ ಆಲೂಗಡ್ಡೆ, ಬದನೆಕಾಯಿ, ಬ್ರೆಡ್ಡು ಎಲ್ಲವನ್ನೂ ಗುಡ್ಡೆ ಹಾಕಿದರು.

"ಸಾರ್, ನಮ್ಮ ಅಂಗಡಿಗೆ ಬಂದಿದ್ದ ಯಾರೋ ಹೇಳ್ತಿದ್ರು, ಮೊದಲು ಕಾಯಿಸ್ಬೇಕಂತೆ, ಹಸಿರು ದೀಪ ಬಂದ ಮೇಲೆ..."

"ಕನ್ನಡಕದ ಅಂಗಡೀಲಿ ಗ್ರಿಲ್ ವಿಷಯ ಮಾತಾಡ್ತಾರಾ?" ಎಂದು ಗಂಡ ನಕ್ಕ. "ಸುಮ್ನಿರೇ, ಅವರ ವಸ್ತು, ಅವರಿಗೆ ಗೊತ್ತಿರುತ್ತೆ."

ಮ್ಯಾನೇಜರು ಎಣ್ಣೆ ಸುರಿದರು. ಮುಚ್ಚಳ ಮುಚ್ಚದಿದ್ದಾಗ ತುಂಬಿದ ಸೂಟ್‌ಕೇಸಿನ ಮೇಲೆ ಒರಗುವ ಹಾಗೆ ಒರಗಿದರು. ಅಂಟಿಕೊಂಡ ಬ್ರೆಡ್ಡನ್ನು ಸ್ಟೀಲ್ ಚಮಚದಿಂದ ಕೆರೆದರು. ಕರ್ರ್! ದಿನವಿಡೀ ಗಾಜಿಗೆ ಗೀರು ಬೀಳದಂತೆ ಉಸಿರು ಬಿಗಿಹಿಡಿದು ಕೆಲಸ ಮಾಡುವವಳಿಗೆ ಆ ಸದ್ದು ಹಲ್ಲಿನ ಬುಡಕ್ಕೆ ಇಳಿಯಿತು. "ಮರದ್ದು... ಮರದ ಚಮಚ..." ಎನ್ನುವಷ್ಟರಲ್ಲಿ, ಹಿಡಿಯಲು ಕೆಳಗೆ ತಟ್ಟೆಯಿಲ್ಲದ ಬಿಸಿ ಎಣ್ಣೆ ಮೇಜಿನ ಮೇಲೆ ಹರಿದು, ಅಂಚಿನಿಂದ ಇಳಿದು, ಮ್ಯಾನೇಜರ ತೊಡೆ ಸೇರಿತು. ನಿವೃತ್ತಿಯಾದ ಮೇಲೆ ಅವರು ಅಷ್ಟು ಎತ್ತರ ಹಾರಿದ್ದನ್ನು ಯಾರೂ ನೋಡಿರಲಿಲ್ಲ.

ಪುಣ್ಯಕ್ಕೆ ಹೆಚ್ಚೇನೂ ಸುಡಲಿಲ್ಲ. ಅಡುಗೆ ಮಾತ್ರ ಹೇಗೋ ರುಚಿಯಾಗಿತ್ತು. ಅತ್ತೆ ಒಂದು ಬಿಲ್ಲೆ ಬಾಯಿಗಿಟ್ಟು, "ಮೊನ್ನೆಯದರಷ್ಟು ಗರಿಯಾಗಿಲ್ಲ" ಎಂದರು. ಅವಳಿಗೆ ಭಯಂಕರ ಕೆಮ್ಮು ಬಂತು. ಅದೃಷ್ಟಕ್ಕೆ ಗಂಡನ ಲಕ್ಷ್ಯವೆಲ್ಲ ತಟ್ಟೆಯ ಮೇಲಿತ್ತು. ಮೂರನೆಯ ಸಲ ಬಡಿಸಿಕೊಂಡವನು ಬೆರಳು ನೆಕ್ಕುತ್ತ ಅಂದ: "ಇಂಥದ್ದೊಂದು ನಮ್ಮನೇಲೂ ಇದ್ದಿದ್ರೆ!"

ಅವಳೂ ಟೀಚರಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ರಿಲ್ಲಿನ ತಟ್ಟೆಗಳನ್ನು ಬಿಚ್ಚಿಕೊಂಡು ಒಳಗೆ ತೊಳೆಯಲು ಹೋದವರೇ, ನಲ್ಲಿಯ ಸದ್ದಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಇವರಂತೂ ಇನ್ನು ಅದನ್ನ ಮುಟ್ಟಲ್ಲ ಬಿಡಮ್ಮ. ನಾಳೆ ನಾನೇ, ನಿಮಗೇ ಇರಲಿ ಅಂತ ಕೊಟ್ಟುಬಿಡ್ತೀನಿ. ಈಗ ಅವರೂ ಬೇಡ ಅನ್ನಲ್ಲ."

"ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ ಟೀಚರಮ್ಮ."

ಮೇಲಿನ ತಟ್ಟೆಯಲ್ಲಿ ಗೀರು ಬಿದ್ದಿತ್ತು, ಆದರೆ ಆಳವಾಗಿರಲಿಲ್ಲ. ಅವಳು ಅದರ ಮೇಲೆ ಹೆಬ್ಬೆರಳಾಡಿಸಿ ಸಮಾಧಾನ ಮಾಡಿಕೊಂಡಳು. ಹೊರಗೆ ಗಂಡಸರ ಮಾತು ಕೇಳುತ್ತಿತ್ತು, ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಏನನ್ನೋ ಎತ್ತಿ ತರುವ ಏದುಸಿರು. ಕೊನೆಗೆ ಕೆಳಗಿನಿಂದ ಗಂಡನ ಕೂಗು: "ಆ ತಟ್ಟೆಗಳನ್ನೂ ತಗೊಂಡ್ಬಾರೇ! ಗ್ರಿಲ್ ಇನ್ಮೇಲೆ ನಮ್ಮದು!"

ಟೀಚರಮ್ಮ ಅವಳ ಬೆನ್ನು ತಟ್ಟಿದರು. ಅವಳು ಮೆಟ್ಟಿಲುಗಳನ್ನು ಹುಡುಗಿಯ ಹಾಗೆ ಇಳಿದಳು.

ಊಟದ ಮೇಜಿನ ನಟ್ಟನಡುವೆ ಗ್ರಿಲ್ ಕೂತಿತ್ತು. ಗಂಡ ಅದರ ಪಕ್ಕ ಗೆದ್ದ ಪೈಲ್ವಾನನ ಹಾಗೆ ನಿಂತಿದ್ದ.

"ನೋಡು, ನಿನಗೋಸ್ಕರ ತಂದೆ. ಯಂತ್ರ ಬೇಡ ಅಂದಿದ್ದೆ ನಿಜ. ಆದ್ರೆ ಅಲ್ಲಿ ನೀನು ಅದನ್ನೇ ಆಸೆಯಿಂದ ನೋಡ್ತಿದ್ದದ್ದು ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ? ಸಾರ್, ನೀವು ಇಟ್ಕೊಳ್ಳಲ್ಲ ಅಂದ್ರೆ ನಮಗೆ ಕೊಡಿ ಅಂದೆ. ಸುಮ್ನೆ ತಗೊಂಡ್ಹೋಗಪ್ಪ ಅಂದ್ರು. ಬಿಟ್ಟಿ ತಗೊಳ್ಳೋಕೆ ನಾನೇನು ಭಿಕಾರೀನಾ? ಅದರ ಬದಲಿಗೆ ನಮ್ಮ ಕಡೆಯಿಂದಾನೂ ಒಂದು ಕೊಟ್ಟೆ."

ಅವಳು ಕಿಟಕಿಯ ಕಡೆ ತಿರುಗಿದಳು. ಅಲ್ಲಿ ನೆಲದ ಮೇಲೆ ಮಡಚಿದ ಬಟ್ಟೆಯ ರಾಶಿಯಿತ್ತು, ಬೆತ್ತದ ಕುರ್ಚಿಯ ನಾಲ್ಕು ಕಾಲುಗಳ ಗುರುತಿತ್ತು.

"ನನ್ನ ಕುರ್ಚಿ..."

"ಅದೇ. ಪಾಪ, ಅವರ ಬೆನ್ನಿಗೆ ಎಷ್ಟು ಹಿತವಾಗಿತ್ತು. ಇಲ್ಲಿ ಸುಮ್ನೆ ಮೂಲೇಲಿ ಬಿದ್ದಿತ್ತು." ಅವನ ದನಿಯಲ್ಲಿ ಕಪಟವೇನೂ ಇರಲಿಲ್ಲ. "ಇಷ್ಟು ವರ್ಷದಲ್ಲಿ ನೀನು ಅದರಲ್ಲಿ ಕೂತಿದ್ದನ್ನ ನಾನು ಒಂದಿನವೂ ನೋಡಿಲ್ಲ ಕಣೇ."

ಅದು ನಿಜವೇ ಆಗಿತ್ತು. ಕುರ್ಚಿ ಬೇಕು ಎನ್ನಬೇಕಾದರೆ ಗ್ರಿಲ್ ತನ್ನದು ಎನ್ನಬೇಕು. ಗ್ರಿಲ್ ತನ್ನದು ಎಂದರೆ ಮೇಲೆ ಒಬ್ಬರ ಹುಟ್ಟಿದ ದಿನ ಸುಳ್ಳಾಗಬೇಕು. ಅತ್ತೆ ಬಚ್ಚಲಲ್ಲಿ ಉಳಿದಿದ್ದ ಪುಟ್ಟ ತಟ್ಟೆಯನ್ನು ಒರೆಸಿ ತಂದು ಅವಳ ಕೈಗಿಟ್ಟು, ಅಂಗೈಯನ್ನು ಒಂದು ಗಳಿಗೆ ಹಿಡಿದುಕೊಂಡು, ಹೋಗಿ ಮಲಗಿದರು.

ಗಂಡ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ಕೂತ. ಜೇಬಿನಿಂದ ಸ್ಕ್ರೂಡ್ರೈವರ್ ಹೊರಬಂತು.

"ಬೆಳಿಗ್ಗೆಯಿಂದ ಕೈ ಕಡೀತಿತ್ತು. ಇನ್ನೊಬ್ರದ್ದು ಅಂತ ಸುಮ್ನಿದ್ದೆ. ಈಗ ನಮ್ಮದೇ ಅಲ್ವಾ? ಒಳಗೇನಿದೆ ಒಂದ್ಸಲ ನೋಡೇಬಿಡೋಣ."

ಮೊದಲನೆಯ ಸ್ಕ್ರೂ ಮೇಜಿನ ಮೇಲೆ ಉರುಳಿತು. ಅವಳು ತಟ್ಟೆಗಳನ್ನು ಕನ್ನಡಕ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು. ಮೇಲಿನ ಮನೆಯಲ್ಲಿ, ಕಿಟಕಿಯ ನೇರಕ್ಕೆ, ಬೆತ್ತ ಕಿರ್ರೆಂದ ಸದ್ದು ಸಣ್ಣಗೆ ಕೇಳಿಸಿತು. ಮ್ಯಾನೇಜರು ಕೂತಿರಬೇಕು.

ಸಂಜೆ ವಾಕಿಂಗ್, ಅಂದಿದ್ದರಲ್ಲ. ಆ ಹೊತ್ತಿಗೆ ಕುರ್ಚಿ ಖಾಲಿ.

ಅಂಗಡಿಯಿಂದ ಬರುವಾಗ ನಾಳೆ ತನ್ನ ಬಾಗಿಲ ಮುಂದೆ ನಿಲ್ಲಬಾರದು, ಇನ್ನೊಂದು ಮಹಡಿ ಹತ್ತಬೇಕು ಎಂದು ಅವಳು ನಿಶ್ಚಯಿಸಿಕೊಂಡಳು. ನೆಲದ ಮೇಲಿನ ಬಟ್ಟೆಯನ್ನೆತ್ತಿ ಬೀರುವಿನಲ್ಲಿ ಜೋಡಿಸತೊಡಗಿದಳು.

"ಎರಡು ಸ್ಕ್ರೂ ಜಾಸ್ತಿ ಹಾಕಿದ್ದಾರೆ ಕಣೇ," ಹಿಂದಿನಿಂದ ಗಂಡ ಹೇಳಿದ.

"ಹೌದಾ," ಎಂದಳು.