ಹೆಪ್ಪುಗಟ್ಟಿದ ಡೀಸೆಲು, ಹಂಸಾಳ ತೊಟ್ಟಿಲು

ಕೇಳಿ ಮಹಾಜನಗಳೇ, ತೊಟ್ಟಿಲನ್ನೂ ಹೆಂಡತಿಯನ್ನೂ ನಾನೇ ತಲುಪಿಸುತ್ತೇನೆ ಎಂದು ಘೋಷಿಸಿದ ದಿನ ನನ್ನ ಎದೆ ಎರಡಂಗುಲ ಉಬ್ಬಿತ್ತು!

ನನ್ನ ಹೆಂಡತಿ ಸೌದಾಮಿನಿಯ ತಮ್ಮ ಉಲ್ಲಾಸ್ ಇರುವುದು ಹಿಮದ ಗುಡ್ಡಗಳಾಚೆಯ ರೀನೋ ಊರಿನಲ್ಲಿ. ಅವನ ಮೂರು ತಿಂಗಳ ಮಗಳಿಗೆ ಭಾನುವಾರ ಹತ್ತೂವರೆಗೆ ನಾಮಕರಣ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನವಳು. ಅವಳಜ್ಜಿಯ ಕಾಲದ ಉಡುಪಿ ತೊಟ್ಟಿಲು ಇದ್ದದ್ದು ಗುಡ್ಡದ ಈಚೆ, ಹಿಮವನ್ನೇ ಕಾಣದ ಸನ್ನಿವೇಲಿನ ನಮ್ಮ ಮನೆಯಲ್ಲಿ. ಅದನ್ನು ಹೊತ್ತು ಹಿಮದ ಗುಡ್ಡ ದಾಟಲು ನನ್ನ ಹಳೆಯ ಡೀಸೆಲ್ ಪಿಕಪ್ ಬಿಟ್ಟರೆ ಭೂಮಂಡಲದಲ್ಲಿ ಇನ್ಯಾರಿದ್ದಾರೆ?

ಚಳಿಗೆ ಗಾಡಿ ತಡೆಯುತ್ತದಾ ಎಂದು ಸೌದಾಮಿನಿ ಕೇಳಿದಾಗ ಸೀಟಿನಡಿಯ ಬಿಳಿ ಬಾಟಲಿ ತೋರಿಸಿದೆ. ಡೀಸೆಲು ತುಪ್ಪದ ಹಾಗೆ ಗಟ್ಟಿಯಾಗದಂತೆ ಟ್ಯಾಂಕಿಗೆ ಸುರಿಯುವ ಔಷಧ. ಸೀಲು ಒಡೆದಿರಲಿಲ್ಲ. ಜ್ವರ ಬರುವ ಮೊದಲೇ ಮಾತ್ರೆ ನುಂಗಿದವರು ನಮ್ಮ ವಂಶದಲ್ಲಿಲ್ಲ. ಗಾಡಿಗೂ ಅದೇ ನ್ಯಾಯ!

ಇನ್ನೊಂದು ಮಾತು. ದಾರಿಯ ಊಟ ನಂಬದ ಕುಲ ನಮ್ಮದು. ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿದಂತೆ ಡೀಸೆಲನ್ನೂ ಊರಿನಲ್ಲೇ ಕಂಠಮಟ್ಟ ತುಂಬಿಸಿಕೊಂಡೆ. ಗುಡ್ಡದ ಮೇಲಿನ ಪಂಪುಗಳಲ್ಲಿ ಚಳಿಗೆಂದೇ ಹದ ಮಾಡಿದ ಡೀಸೆಲು ಸಿಗುತ್ತದೆ ಎಂಬುದು ನನಗೆ ಆಮೇಲೆ ತಿಳಿದ ಸತ್ಯ. ಆ ಪಂಪುಗಳನ್ನೆಲ್ಲ ಮಹಾರಾಜನಂತೆ ಕಡೆಗಣ್ಣಲ್ಲಿ ನೋಡುತ್ತ ದಾಟಿದೆ.

ಶನಿವಾರ ಗುಡ್ಡದ ಮೇಲಿನ ಟ್ರಕೀ ಊರಿನ ಮೋಟೆಲಿನಲ್ಲಿ ತಂಗಿದೆವು. ಅಲ್ಲಿಂದ ರೀನೋಗೆ ಮುಕ್ಕಾಲು ಗಂಟೆ. ಬೆಳಿಗ್ಗೆ ಎಂಟಕ್ಕೆ ಕೀಲಿ ತಿರುಗಿಸಿದೆ. ಎಂಜಿನು ಕೆಮ್ಮಿತು, ಅರೆನಿಮಿಷ ಓಡಿತು, ಕಣ್ಣು ಮುಚ್ಚಿತು. ಸಂಜೀವಿನಿ ಹೊತ್ತು ತಂದವನ ಗಾಂಭೀರ್ಯದಿಂದ ಬಾಟಲಿ ತೆರೆದು ಅಷ್ಟೂ ಸುರಿದೆ. ಮತ್ತೆ ಕೀಲಿ. ಬರೀ ಗೊರಗೊರ. ಇನ್ನೊಮ್ಮೆ. ಈಗ ಗೊರಗೊರವೂ ಇಲ್ಲ.

ಸೌದಾಮಿನಿ ಫಾರ್ಮಸಿಸ್ಟು. ಖಾಲಿ ಬಾಟಲಿ ಎತ್ತಿಕೊಂಡು ಕನ್ನಡಕ ಏರಿಸಿದಳು.

"ಗಟ್ಟಿಯಾಗೋಕೆ ಮುಂಚೆ ಹಾಕಿ ಅಂತ ದಪ್ಪಕ್ಷರದಲ್ಲಿ ಬರ್ದಿದೆಯಲ್ರೀ."

"ಅದನ್ನೆಲ್ಲ ಓದ್ಕೊಂಡು ಗಾಡಿ ಓಡ್ಸೋಕಾಗತ್ತಾ?"

"ಓದದೇನೂ ಓಡ್ತಿಲ್ವಲ್ಲ."

ಮೋಟೆಲಿನ ಕೂದಲೊಣಗಿಸುವ ಯಂತ್ರ ತಂದು ಎಂಜಿನ್ನಿಗೆ ಬಿಸಿಗಾಳಿ ಊದಿದೆ. ಬಿಸಿನೀರಿನ ಬಟ್ಟೆ ಸುತ್ತಿದೆ. ಮೋಟೆಲಿನ ಮ್ಯಾನೇಜರು ನೋಡಿ, ಬಿಸಿ ಗ್ಯಾರೇಜಿನಲ್ಲಿ ಅರ್ಧ ದಿನ ನಿಲ್ಲಿಸಿದರೆ ಮಾತ್ರ ಕರಗುತ್ತದೆ ಎಂದ. ಟ್ಯಾಕ್ಸಿ ಹುಡುಕಿದರೆ ಹಿಮಕ್ಕೆ ಹೆದರಿ ಒಂದೂ ಬರಲೊಲ್ಲದು. ಗಂಟೆ ಒಂಬತ್ತೂ ಇಪ್ಪತ್ತಾಯಿತು. ಇಷ್ಟು ಹೊತ್ತೂ ಚುಚ್ಚುತ್ತಿದ್ದವಳು ತೊಟ್ಟಿಲಿನ ಅಂಚು ಸವರಿದಳು.

"ಮಗು ಹುಟ್ದಾಗ್ಲೂ ರಜೆ ಸಿಗ್ಲಿಲ್ಲ," ಎಂದಳು ಮೆಲ್ಲಗೆ. "ಹೆಸರಾದ್ರೂ ನಾನೇ ಹೇಳ್ತೀನಿ ಅನ್ಕೊಂಡಿದ್ದೆ."

ನನ್ನ ಜಂಬವೆಲ್ಲ ಹಿಮದಲ್ಲಿ ಹೂತುಹೋಯಿತು. ಉಲ್ಲಾಸನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡು, ಅಕ್ಕನನ್ನಾದರೂ ಕರೆದುಕೊಂಡು ಹೋಗು ಎಂದೆ. ಅವನು ಲೆಕ್ಕ ಹಾಕಿದ. ಬಂದು ಹೋಗುವಷ್ಟರಲ್ಲಿ ಮುಹೂರ್ತ ಮೀರುತ್ತದೆ. ಬರೀ ಬರುವುದಾದರೆ ಸಮಯವಿದೆ.

"ಭಾವ, ನೀವು ಅಲ್ಲೇ ಇರಿ," ಎಂದ. "ಹೇಗೂ ಬೇರೆಲ್ಲಿಗೂ ಹೋಗಕ್ಕಾಗಲ್ಲ ನಿಮ್ಗೆ. ಮಗೂನೇ ತರ್ತೀವಿ."

ಹತ್ತೂ ಇಪ್ಪತ್ತಕ್ಕೆ ಉಲ್ಲಾಸ್, ಅವನ ಹೆಂಡತಿ ಪ್ರಣೀತಾ, ನಡುವೆ ಉಣ್ಣೆಯ ಗಂಟಿನಂಥ ಮಗು, ಮೂವರೂ ಇಳಿದರು. ತೊಟ್ಟಿಲು ಮೋಟೆಲಿನ ತಿಂಡಿಕೋಣೆಯಲ್ಲಿ, ದೋಸೆಗೆ ದೂರದ ನೆಂಟನಾದ ವಾಫಲ್ ಯಂತ್ರದ ಪಕ್ಕದಲ್ಲಿ ವಿರಾಜಮಾನವಾಯಿತು! ಪುರೋಹಿತರು ರೀನೋದಿಂದ ಫೋನಿನಲ್ಲೇ ಮಂತ್ರ ಹೇಳಿದರು. ಸೌದಾಮಿನಿ ಬಾಗಿ "ಹಂಸಾ" ಎಂದು ಮೂರು ಸಲ ಉಸುರಿದಳು. ಅವಳ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. ಮ್ಯಾನೇಜರು ಎಲ್ಲರಿಗೂ ಕಾಫಿಯ ಸಕ್ಕರೆ ಪೊಟ್ಟಣ ಹಂಚಿದ.

ಆಗ ಅವಳು ನಾಲ್ಕನೆಯ ಸಲ ಬಾಗಿ ಮಗುವಿನ ಕಿವಿಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಹಂಸಾ ನನ್ನನ್ನೇ ನೋಡಿ ಬೊಚ್ಚುಬಾಯಿ ಅಗಲಿಸಿ ನಕ್ಕಳು.

"ಶಾಸ್ತ್ರ ಮೂರೇ ಸಲ ಅಲ್ವಾ? ಇನ್ನೇನು ಹೇಳ್ದೆ?" ಎಂದೆ.

"ಮಾವ ತುಂಬಾ ಒಳ್ಳೆಯವ್ರು ಪುಟ್ಟೀ, ಆದ್ರೆ ನಿನ್ನ ಮದುವೆ ದಿಬ್ಬಣಕ್ಕೆ ಬೇರೆ ಗಾಡಿ ನೋಡ್ಕೋ ಅಂದೆ."