ಕಾಕಾನ ರಸಮಟ್ಟ ಮತ್ತು ಓರೆ ಪೈಪು

ನಮ್ಮ ಕಾಕಾ ಸುಮ್ಮನೆ ಕೂತಿದ್ದನ್ನು ದಾಂಡೇಲಿಯಲ್ಲಿ ಯಾರಾದರೂ ನೋಡಿದ್ದರೆ ದಯವಿಟ್ಟು ಮುಂದೆ ಬರಬೇಕು. ನಾನಂತೂ ನೋಡಿರಲಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಮೇಲೆತ್ತಿಕೊಂಡೇ ಕೂರುತ್ತಾನೆ, ಏಳಲು ಅನುಕೂಲವಾಗಲಿ ಎಂದು! ಒಮ್ಮೆ ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಆಗಿರುವಾಗಲೇ ಎದ್ದು, ಅಲ್ಲಿನ ಸೋರುವ ನಲ್ಲಿಯನ್ನು ಬಿಚ್ಚಿ ರಿಪೇರಿ ಮಾಡಿ, ಆಮೇಲೆ ಉಳಿದರ್ಧ ಗಡ್ಡ ಕೊಟ್ಟವನು. ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ಪೈಪ್ ಫಿಟ್ಟರ್ ಆಗಿದ್ದು ನಿವೃತ್ತನಾಗಿದ್ದಾನೆ. ನಿವೃತ್ತಿ ಎಂದರೆ ವಿಶ್ರಾಂತಿ ಎಂದು ಅವನಿಗೆ ಯಾರೂ ಹೇಳಿಲ್ಲ. ಹೇಳಬೇಕೆಂದರೆ ಅವನು ನಿಲ್ಲಬೇಕಲ್ಲ!

ಅವನಿಗೆ ಎರಡು ವಸ್ತುಗಳ ಮೇಲೆ ಪ್ರಾಣ. ಒಂದು, ಹಳೇ ಡೀಸೆಲ್ ಜೀಪು. ಇನ್ನೊಂದು ರಸಮಟ್ಟ, ಅದೇ, ಗೌಂಡಿಗಳು ಗೋಡೆಯ ಮೇಲಿಟ್ಟು ನೋಡುವ, ಒಳಗೆ ಗುಳ್ಳೆ ಓಡಾಡುವ ಪಟ್ಟಿ. ಗುಳ್ಳೆ ನಡುವೆ ನಿಂತರೆ ಮಾತ್ರ ಅವನ ಮನಸ್ಸೂ ಒಂದು ಕಡೆ ನಿಲ್ಲುತ್ತದೆ. ದೇವರ ಫೋಟೋ, ಪಾತ್ರೆಯ ಮಾಡ, ಬಟ್ಟೆ ಒಣಹಾಕುವ ತಂತಿ, ಯಾವುದನ್ನೂ ಬಿಟ್ಟಿಲ್ಲ. ಮನೆಯ ಬಚ್ಚಲಿನ ಪೈಪನ್ನೂ ತಾನೇ ಹಾಕಿದ, ಗುಳ್ಳೆಯನ್ನು ಸರಿಯಾಗಿ ನಡುವೆ ನಿಲ್ಲಿಸಿ. ಪರಿಣಾಮ? ಯಾವ ಕಡೆ ಹೋಗಬೇಕೆಂದು ತಿಳಿಯದ ನೀರು ಅಲ್ಲೇ ನಿಂತುಬಿಟ್ಟಿತು! ಇಪ್ಪತ್ತು ವರ್ಷದಿಂದ ಅವನ ಹೆಂಡತಿ, ನಮ್ಮ ಕಾಕು, ದಿನಾ ಬೆಳಿಗ್ಗೆ ಕಸಬರಿಗೆ ಹಿಡಿದು ಆ ನೀರನ್ನು ನೂಕುತ್ತಾಳೆ. ಕಾಕಾನನ್ನು ಕೇಳಿದರೆ, “ಲೈನ್ ನೋಡಲೇ ತಮ್ಮಾ, ಎಷ್ಟು ನೆಟ್ಟಗೈತಿ!” ಎನ್ನುತ್ತಾನೆ.

ಇನ್ನು ಜೀಪಿನ ಕಥೆ. ಕಾಕುವಿನ ತಂಗಿಯ ಮನೆ ಜೋಯಿಡಾದಿಂದಾಚೆ, ದೊಡ್ಡದೊಂದು ಏರಿನ ಮೇಲಿದೆ. ಅರ್ಧ ಏರಿಗೆ ಜೀಪಿನ ದಮ್ಮು ಮುಗಿಯುತ್ತದೆ. ಆಗ ಕಾಕು ಇಳಿದು, ಉಡಿಯಲ್ಲಿಟ್ಟುಕೊಂಡ ಕಲ್ಲನ್ನು ಹಿಂದಿನ ಗಾಲಿಗೆ ಕೊಡಬೇಕು. ಜೀಪು ಖಾಲಿಯಾಗಿ ಮೇಲೆ ಹೋಗಿ ನಿಲ್ಲುತ್ತದೆ. ಕಾಕು ಮತ್ತೆ ಕಲ್ಲು ಹೊತ್ತು ನಡೆದು ಹೋಗಿ ಹತ್ತಬೇಕು. ತಂಗಿಯ ಮನೆಗೆ ಉಡಿ ತುಂಬಿಸಿಕೊಳ್ಳಲು ಹೋಗುವವರನ್ನು ಕಂಡಿದ್ದೀರಿ; ಉಡಿಯಲ್ಲಿ ಕಲ್ಲು ತುಂಬಿಕೊಂಡು ಹೋಗುವವರನ್ನು ಎಲ್ಲಾದರೂ ಕಂಡಿದ್ದೀರಾ?

ಈ ಸಲ ಆ ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮ. ರವಿವಾರ. ಕಾಕು ವಾರಗಟ್ಟಲೆ ಕೂತು ಮಗುವಿನ ತಲೆಗೆ ಕುಲಾಯಿ ಹೊಲಿದಿದ್ದಳು. ಆದರೆ ಎದೆ ನೋಡಿದ ಡಾಕ್ಟರು, ಏರು ಹತ್ತುವುದು ಬೇಡವೇ ಬೇಡ ಎಂದುಬಿಟ್ಟರು. ಬಸ್ಸು ಏರಿನ ಬುಡಕ್ಕೇ ಬಿಟ್ಟು ಹೋಗುತ್ತದೆ. ಬಾಡಿಗೆ ಕಾರು ಮಾಡೋಣ ಎಂದು ಫೋನಿನಲ್ಲಿ ಹೇಳಿದ ತಪ್ಪಿಗೆ ಕಾಕಾ ನನ್ನ ಜೊತೆ ಅರ್ಧ ದಿನ ಮಾತು ಬಿಟ್ಟ.

“ನಾ ಬರಂಗಿಲ್ಲ ಬಿಡ್ರಿ. ಕುಲಾಯಿ ನೀವ ಕೊಟ್ಟು ಬರ್ರಿ” ಎಂದಳು ಕಾಕು.

ಕಾಕಾ ಎದ್ದು ಹೋಗಿ ಜೀಪಿನ ಬಾನೆಟ್ ಎತ್ತಿದ. ಮರುದಿನ ಹುಬ್ಬಳ್ಳಿಯ ಗುಜರಿಗೆ ಹೋಗಿ ಒಂದು ಸೂಪರ್‌ಚಾರ್ಜರ್ ಹೊತ್ತು ತಂದ! ಅದು ಎಂಜಿನ್ನಿನ ಬಾಯಿಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಯಂತ್ರ. ಹಳಿಯಾಳದ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ನೆಮ್ಮದಿಯಿಂದಿದ್ದ ನನ್ನನ್ನು ಪಾನಾ, ಅಂದರೆ ಸ್ಪ್ಯಾನರ್, ಹಿಡಿಯಲು ಕರೆಸಿಕೊಂಡ. ಅವನ ಪಕ್ಕ ನಿಂತರೆ ನಿಂತವರಿಗೂ ಕಾಲು ತುರಿಸುತ್ತದೆ. ನಾನು ಹತ್ತರ ಪಾನಾ ಹುಡುಕುವಷ್ಟರಲ್ಲಿ ಅವನು ಹದಿನಾಲ್ಕರದ್ದು ಕೇಳುತ್ತಾನೆ!

ಯಂತ್ರ ಕೂತಿತು, ಬೆಲ್ಟೂ ಬಿತ್ತು. ಅದರ ಬೇರಿಂಗಿಗೆ ಎಂಜಿನ್ನಿನಿಂದ ಆಯಿಲ್ ತರುವ ಪೈಪೂ ಆಯಿತು. ಉಳಿದದ್ದು ಒಂದೇ, ಆ ಆಯಿಲ್ಲು ವಾಪಸು ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿಯುವ ಪೈಪು. ಕಾಕಾ ತನ್ನ ಮೂವತ್ತು ವರ್ಷದ ಕಲೆಯನ್ನೆಲ್ಲ ಅದಕ್ಕೇ ಸುರಿದ. ಎಂಜಿನ್ನಿನ ಪಕ್ಕಕ್ಕೆ ನೆಟ್ಟಗೆ ಒಂದು ಗೆರೆ, ಗುಳ್ಳೆ ನಡುವೆ. ಅಲ್ಲಿಂದ ಲಂಬಕೋನದಲ್ಲಿ ಮೇಲಕ್ಕೆ, ಮತ್ತೆ ನೆಟ್ಟಗೆ, ಆಮೇಲೆ ಕೆಳಕ್ಕೆ. ಗೇಣಿಗೊಂದು ಕ್ಲಾಂಪು. ಮೇಲೆ ಹಳದಿ ಬಣ್ಣ ಬೇರೆ!

“ಕಾಕಾ, ಭಾಳ ಸುತ್ತು ಹಾಕಿ ಹೊಂಟೈತಲ್ಲ?” ಎಂದೆ.

“ನಿನಗೇನ್ ತಿಳೀತೈತಿ? ಮಿಲ್ಲಿನ್ಯಾಗ ನನ್ನ ಲೈನ್ ನೋಡಾಕ ಸಾಹೇಬ್ರು ಬರ್ತಿದ್ರು!”

ಶನಿವಾರ ಬೆಳಿಗ್ಗೆ ಪರೀಕ್ಷೆಗೆಂದು ಹೊಳೆದಂಡೆಯ ಮೌಳಂಗಿಗೆ ಹೋದೆವು. ಹೋಗುವಾಗ ಜೀಪು ಹಾರಿತು, ಸುಳ್ಳೇಕೆ ಹೇಳಲಿ. ಆದರೆ ಹೊಳೆಯ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಹೊಗೆ. ಹೊಗೆ ಎಂದರೆ ಎಂಥ ಹೊಗೆ! ಪಕ್ಕದಲ್ಲಿದ್ದ ಕಾಕಾ ನನಗೆ ಕಾಣಲಿಲ್ಲ. ಚಹಾದ ಅಂಗಡಿಯವನು ಓಡಿ ಬಂದು, “ಸೊಳ್ಳಿ ಹೊಗಿ ಬಿಡಾಕ ಬಂದೀರೇನ್ರಿ? ನಮ್ಮ ಓಣಿಗೂ ಒಂದ್ ರೌಂಡ್ ಹೊಡೀರಿ, ಭಾಳ ಕಡ್ಯಾಕ ಹತ್ಯಾವು” ಎಂದ.

ಮನೆಗೆ ಬಂದು ಕಾಕಾ ಜೀಪಿಗೆ ಪ್ರದಕ್ಷಿಣೆ ಹಾಕತೊಡಗಿದ. ಆಯಿಲ್ ತಡೆಯುವ ಸೀಲು ಬದಲಿಸಿದ, ಬೆಲ್ಟು ಬಿಗಿದ. ಮತ್ತೆ ಹೊಗೆ. ಮಧ್ಯಾಹ್ನ ದಾಟಿತು. ಅವನ ಬೈಗುಳವೂ ನಿಂತುಹೋಗಿತ್ತು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಚ್ಚಲಿನಿಂದ ಕಸಬರಿಗೆ ಹಿಡಿದುಕೊಂಡೇ ಬಂದ ಕಾಕು ಆ ಹಳದಿ ಪೈಪನ್ನು ಸ್ವಲ್ಪ ಹೊತ್ತು ನೋಡಿದಳು.

“ಇದೂ ನಮ್ಮ ಬಚ್ಚಲದಂಗ ಐತಲ್ರೀ.”

“ಅಂದ್ರ?”

“ಮಿಲ್ಲಿನ್ಯಾಗ ಹಿಂದ ಪಂಪ್ ಇರ್ತಿತ್ತು, ನೂಕ್ತಿತ್ತು. ಬಚ್ಚಲದಾಗ ನೂಕಾಕ ನಾ ಅದೇನಿ. ಇದರಾಗ ಯಾರದಾರ?”

ಕಾಕಾ ಕೂತ! ಹೌದು, ಟೂಲ್ ಪೆಟ್ಟಿಗೆಯ ಮೇಲೆ, ಎರಡೂ ಮೊಣಕಾಲು ಮಡಚಿ ಕೂತ. ಆಯಿಲ್ಲು ತನ್ನ ಭಾರಕ್ಕೆ ತಾನೇ ಇಳಿಯಬೇಕಿತ್ತು. ಇವನು ಅದಕ್ಕೆ ಏರು ಹತ್ತಿಸಿದ್ದ. ಇಳಿಯಲಾಗದ ಆಯಿಲ್ಲು ಯಂತ್ರದಲ್ಲೇ ತುಂಬಿ, ಸೀಲು ದಾಟಿ, ಎಂಜಿನ್ನಿಗೆ ನುಗ್ಗಿ ಉರಿಯುತ್ತಿತ್ತು.

ಹಳದಿ ಪೈಪನ್ನು ಬಿಚ್ಚಿ ಎಸೆದ. ದಪ್ಪನೆಯ, ಗಿಡ್ಡನೆಯ ರಬ್ಬರ್ ಪೈಪನ್ನು ಮೇಲಿನಿಂದ ಚೇಂಬರಿಗೆ ಓರೆಯಾಗಿ ಇಳಿಬಿಟ್ಟ. ಅಭ್ಯಾಸಬಲದಿಂದ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಓಡಿಹೋಗಿ ಒಂದು ಮೂಲೆ ಸೇರಿತು. ಕಾಕಾ ಕಣ್ಣು ಮುಚ್ಚಿಕೊಂಡ. ಜೀಪು ಚಾಲು ಮಾಡಿದರೆ ಹೊಗೆಯೇ ಇಲ್ಲ.

ರವಿವಾರ ಮೂವರೂ ಹೊರಟೆವು, ಆ ಏರು ಬಂತು. ಜೀಪು ನಿಲ್ಲುತ್ತಿದ್ದ ತಿರುವಿನಲ್ಲಿ ಕಾಕು ಕಲ್ಲು ಹಿಡಿದು ಸೀಟಿನ ತುದಿಗೆ ಸರಿದಳು. “ಇಳೀಲೇನ್ರೀ?”

“ಸುಮ್ಮನ ಕೂಡು” ಎಂದ ಕಾಕಾ. ಜೀಪು ನಿಲ್ಲದೆ ಹತ್ತಿತು. ಮೇಲೆ ಹೋದ ಮೇಲೆ ಅವಳ ಉಡಿಯಿಂದ ಕಲ್ಲು ತೆಗೆದುಕೊಂಡು ಗಿಡಗಳೊಳಗೆ ಬೀಸಿ ಒಗೆದ. ಹೋದ ದೀಪಾವಳಿಯಲ್ಲಿ ಇದೇ ಏರಿನಲ್ಲಿ ಕಾಕು ಎದೆ ಹಿಡಿದು ಕೂತಿದ್ದಳು ಎಂದು ಕಾಕಾ ನನಗೆ ಹೇಳಿದ್ದು ಆಗಲೇ. ಇದನ್ನೆಲ್ಲ ಮುದುಕನ ಹುಚ್ಚು ಎಂದು ನಕ್ಕವನು ನಾನು. ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಹಾರೆಯ ಸದ್ದಿಗೆ ಎಚ್ಚರವಾಯಿತು. ಎದ್ದು ಹೋಗಿ ನೋಡುವಷ್ಟರಲ್ಲಿ ಕಾಕಾ ಬಚ್ಚಲು ಅಗೆದು, ಪೈಪನ್ನು ಓರೆಯಾಗಿ ಕೂರಿಸಿ ಮುಗಿಸಿದ್ದ. ರಸಮಟ್ಟ ಎಲ್ಲೂ ಕಾಣಲಿಲ್ಲ. ಕಾಕು ಒಂದು ಚೊಂಬು ನೀರು ಸುರಿದಳು. ನೀರು ಗುಳುಗುಳು ಎಂದು ತಾನಾಗಿಯೇ ಹೋಯಿತು. ಕಾಕಾ ಬಚ್ಚಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

“ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?”

“ದಿನಾ ಹೇಳೇನ್ರಿ. ನೀವು ಒಂದ್ ಗಳಿಗಿ ಕುಂತಿದ್ರ ಕೇಳ್ತಿತ್ತು.”

ಈಗ ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಕೂತಲ್ಲಿಂದಲೇ ಚೊಂಬಿಗೆ ಮತ್ತೆ ನೀರು ತುಂಬಿ ಅವಳ ಕೈಗೆ ಕೊಟ್ಟ.