ಗುಂಡಿಯೊಳಗಿನ ಹಿರಿಯನಿಗೆ ಕೊಟ್ಟ ಮಾತು

ನೆಲ ಅಗೆದು ಹಳೇ ಕಾಲದ ಮನುಷ್ಯರನ್ನು ಹುಡುಕುವ ನಮ್ಮ ಕಸುಬಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗು ಬರುವುದು ಮಾತ್ರ ಮನೆ ಮುಟ್ಟಿದ ಮೇಲೆ. ನಾನು ಗಜೇಂದ್ರಗಡದ ನೇಕಾರರ ಮನೆಯವನು. ಉತ್ಖನನದಲ್ಲಿ ಸಿಕ್ಕ ಗುಂಡಿ, ಗಡಿಗೆ, ಎಲುಬುಗಳ ಚಿತ್ರ ಬರೆಯುವುದು ನನ್ನ ಕೆಲಸ. ಹುಟ್ಟಾ ಪುಕ್ಕಲ. ಮೆಣಸಗಿ ಕಡೆಯ ಒಂದು ಹೊಲದಲ್ಲಿ ಅಗೆತ ನಡೆದ ಬೇಸಿಗೆಯಂತೂ ನನ್ನ ಜೀವ ಅಂಗೈಯಲ್ಲೇ ಇತ್ತು.

ಮಳೆ ಬಂದರೆ ಗುಂಡಿಗಳು ತುಂಬಿ ದುಡಿಮೆಯೆಲ್ಲ ಕೆಸರಾಗುತ್ತಿತ್ತು. ಧಾರವಾಡದಿಂದ ಬಂದ ನಮ್ಮ ಸಾಹೇಬರಿಗೆ ಅದೊಂದೇ ಭಯ. ಉಳಿದ ಭಯಗಳೆಲ್ಲ ನಮ್ಮ ಪಾಲಿಗೆ.

ಕಂದೀಲು

ಒಂದು ಬೆಳಿಗ್ಗೆ ಕರಿ ಮಣ್ಣಿನ ನಡುವೆ ದುಂಡಗೆ ಬೂದಿ ಬಣ್ಣದ ಕಲೆ ಕಾಣಿಸಿತು. ಸಾವಿರಾರು ವರ್ಷದ ಹಿಂದೆ ಕಾಳು ತುಂಬಲು ತೋಡಿದ ಗುಂಡಿ ಇದ್ದೀತು ಎಂದರು ಸಾಹೇಬರು. ಅದನ್ನು ಹೇಳಬಾರದಿತ್ತು. ನೆಲದೊಳಗೆ ಕಾಳು ತುಂಬುವ ಗುಂಡಿ ಅಂದರೆ ನಮ್ಮ ಕಡೆ ಹಗೇವು. ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವನು ಹೆಣವಾಗುತ್ತಾನೆ ಎಂದು ಕೇಳುತ್ತಲೇ ಬೆಳೆದವರು ನಾವು. ಮೊದಲು ಕಂದೀಲು ಇಳಿಬಿಟ್ಟು, ದೀಪ ಉರಿಯುತ್ತಿದ್ದರೆ ಮಾತ್ರ ಇಳಿಯುವುದು ಪದ್ಧತಿ.

ಊರಿನಿಂದ ಹಳೇ ಕಂದೀಲು ಬಂತು. ಸುಡುಬಿಸಿಲಿನಲ್ಲಿ ಅದನ್ನು ಹೊತ್ತಿಸಿ, ಹಗ್ಗ ಕಟ್ಟಿ, ಮೇಲಿಂದಲೇ ಮೊಣಕಾಲುದ್ದ ಅಗೆದಿದ್ದ ಗುಂಡಿಗೆ ಇಳಿಬಿಟ್ಟೆವು. ಮೇಲೆ ಇಡೀ ಆಕಾಶವೇ ತೆರೆದಿದೆಯಲ್ಲ ಎಂದು ಸಾಹೇಬರು ರೇಗಿದರು. ದೀಪ ಚೆನ್ನಾಗಿಯೇ ಉರಿಯಿತು. ಆದರೂ ಮೊದಲು ಇಳಿಯುವ ಮರ್ಯಾದೆಯನ್ನು ಸಾಹೇಬರಿಗೇ ಬಿಟ್ಟೆವು.

ಕಲ್ಲಿನ ಕೊಡಲಿ

ಆ ಗುಂಡಿಯ ತಳದಲ್ಲಿ ನುಣುಪಾದ ಕಲ್ಲಿನ ಕೊಡಲಿ ಸಿಕ್ಕಿತು. ಚಿತ್ರ ಬರೆಯಲೆಂದು ಹಲಗೆಯ ಮೇಲಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದಕ್ಕೆ ವಿಭೂತಿ, ಕುಂಕುಮ, ತಲೆಯ ಮೇಲೊಂದು ಹೂವು. ಇಂಥ ಕಲ್ಲು ಸಿಡಿಲಿನ ಜೊತೆ ಬೀಳುತ್ತದೆ, ತಿರಸ್ಕಾರ ಮಾಡಿದರೆ ಸಿಡಿಲೇ ಹುಡುಕಿಕೊಂಡು ಬರುತ್ತದೆ ಎಂದರು ಕೂಲಿ ಹೆಂಗಸರು. ನಾನು ಚಪ್ಪಲಿ ಬಿಟ್ಟು ಕೂತು ಚಿತ್ರ ಬರೆದೆ, ಹೂವಿನ ಸಮೇತ.

ಸಾಹೇಬರು ನೋಡಿ ಬೈದರು. ಈಗಲೇ ತೊಳಿ ಎಂದರು. ಕೊಡಲಿಯನ್ನು ಬಕೆಟ್ಟಿನ ಮೇಲೆ ಹಿಡಿದು ತಂಬಿಗೆಯಿಂದ ನೀರು ಹಾಕಿದೆ. ಹೆಂಗಸರೆಲ್ಲ ಸಾಲಾಗಿ ಬಂದು ನಿಂತರು. ಬಕೆಟ್ಟಿನ ನೀರು ತೀರ್ಥವಾಗಿ ಹಂಚಿಹೋಯಿತು. ನನಗೂ ಒಂದು ಗುಟುಕು ಉಳಿದಿತ್ತು. ಸಾಹೇಬರು ಆ ಕಡೆ ತಿರುಗಿದಾಗ ಕುಡಿದುಬಿಟ್ಟೆ.

ಎಡೆ

ಮುಂಗಾರು ಮೋಡ ಕವಿಯುತ್ತಿದ್ದ ಒಂದು ಮಧ್ಯಾಹ್ನ ಪಕ್ಕದ ಗುಂಡಿಯಲ್ಲಿ ಬುರುಡೆ ಕಂಡಿತು. ಬುಟ್ಟಿ ಸಲಿಕೆ ಬಿಟ್ಟು ಎಲ್ಲರೂ ಮೇಲೆ. ಎಲ್ಲರಿಗಿಂತ ಮೊದಲು ನಾನು. ಮಳೆಗೆ ಮುಂಚೆ ಇದನ್ನು ಬಿಡಿಸಿ ತೆಗೆಯದಿದ್ದರೆ ಹೋಯಿತು, ಇಳಿಯಿರಿ ಎಂದು ಸಾಹೇಬರು ಅಂಗಲಾಚಿದರು. ಕೂಲಿ ಹೆಂಗಸರ ಮುಂದಾಳು ಒಬ್ಬ ಮುದುಕಿ. ಎಲ್ಲರೂ ಆಯಿ ಎನ್ನುತ್ತಿದ್ದೆವು. ಆಕೆ ಅಲುಗಲಿಲ್ಲ.

"ಮಣ್ಣ ಕೊಟ್ಟಾವ್ರು ಎಡಿ ಇಟ್ಟಿದ್ರೋ ಇಲ್ಲೋ ಯಾರಿಗೆ ಗೊತ್ರಿ? ಎಡಿ ಇಡೂಣು. ಕಾಗಿ ಮುಟ್ಟೂತನಕ ನಾವು ಇಳಿಯಂಗಿಲ್ಲ."

ನಮ್ಮ ಬುತ್ತಿಯ ರೊಟ್ಟಿ, ಬದನೆಕಾಯಿ, ಮೊಸರನ್ನ ಗುಂಡಿಯ ಬದುವಿಗೆ ಬಂದವು. ಎದುರಿನ ಜಾಲಿಗಿಡದಲ್ಲಿ ಕಾಗೆ ಕೂತಿತ್ತು. ಮುಟ್ಟಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದನ್ನು ಊಹಿಸಿ ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ನೋಡಲು ಬಂದಿದ್ದ ಹೊಲದ ಯಜಮಾನ ಈ ಹೊಲ ಮಾರುವುದಿಲ್ಲ ಎಂದ. ನಿನ್ನ ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ ಎಂದಳು ಆಯಿ. ಆ ಮಕ್ಕಳು ತೀರಿಕೊಂಡು ಎಷ್ಟು ಸಾವಿರ ವರ್ಷವಾಯಿತೋ. ನಿನ್ನ ಚಿತ್ರದಲ್ಲಿ ಬಿದ್ದ ಹಲ್ಲು ತೋರಿಸುವುದಿಲ್ಲ ಎಂದೆ ನಾನು. ಕಾಗೆ ಕತ್ತು ಹೊರಳಿಸಿತು, ಅಷ್ಟೇ.

ನರಗುಂದದ ಕಡೆಯಿಂದ ಗುಡುಗು ಕೇಳಿಸಿತು. ಮಳೆಯ ಹನಿ ಸಾಹೇಬರ ಕನ್ನಡಕದ ಮೇಲೆ ಬಿತ್ತು. ಅವರ ಮುಖ ನೋಡಿ ನನಗೆ ಪಾಪ ಅನಿಸಿತು. ಅವರು ಟೊಪ್ಪಿಗೆ ತೆಗೆದು, ಕೈಮುಗಿದು, ಬುರುಡೆಯ ಕಡೆ ಬಾಗಿದರು.

"ಯಪ್ಪಾ, ನಿನ್ನ ವರದಿ ಈ ವರ್ಷನ ಬರದ ಮುಗಸ್ತೀನಿ."

ಕಾಗೆ ಸರ್ರನೆ ಇಳಿದು ಬದನೆಕಾಯಿಗೇ ಬಾಯಿ ಹಾಕಿತು.

ಹೆಂಗಸರು ಗುಂಡಿಗೆ ಇಳಿದರು. ಹನಿ ಬೀಳದಂತೆ ಮೇಲೆ ತಾಡಪಾಲು ಕಟ್ಟಿ, ಕುಂಚದಿಂದ ಮಣ್ಣು ಸರಿಸಿ, ಜೋರು ಮಳೆ ಬರುವ ಮೊದಲೇ ಎಲುಬುಗಳನ್ನೆಲ್ಲ ಪೆಟ್ಟಿಗೆಗೆ ಸೇರಿಸಿದೆವು. ಸಾಹೇಬರು ಮಾತ್ರ ಬದುವಿನ ಮೇಲೆ ಬೆವರುತ್ತಾ ಕೂತಿದ್ದರು. ನಮ್ಮ ಕಸುಬಿನಲ್ಲಿ ಅಗೆಯುವುದು ಸುಲಭ, ವರದಿ ಬರೆಯುವುದು ಕಷ್ಟ. ವರದಿ ಬರೆಯದೆಯೇ ನಿವೃತ್ತರಾದವರಿದ್ದಾರೆ. ಇವರ ಹಿಂದಿನ ಅಗೆತದ ವರದಿಗೆ ಇನ್ನೂ ಮೊದಲ ಪುಟವೂ ಹುಟ್ಟಿರಲಿಲ್ಲ.

ಕೊನೆಗೆ ಮೆಲ್ಲಗೆ ಆಯಿಯನ್ನು ಕೇಳಿದರು: "ಆಯಿ, ಅಕಸ್ಮಾತ್ ಬರೀದಿದ್ರ ಏನಾಗ್ತೈತಿ?"

ಆಯಿ ಬುತ್ತಿ ಗಂಟು ಕಟ್ಟುತ್ತಾ ಸಮಾಧಾನ ಹೇಳಿದಳು: "ಏನೂ ಆಗಂಗಿಲ್ರಿ ಸಾಹೇಬ್ರ. ಬರದ ಮುಗಿಸೂತನಕ ನಿಮ್ಮ ಮನ್ಯಾಗ ಇರ್ತಾನ, ಅಷ್ಟ."